ಅಪ್ಪನ ಸೀಲಿನ ಜಾಗ

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಮಣೆಯ ಮೇಲೆ ಒಂದು ಜಾಗ ಖಾಲಿ ಇರುತ್ತದೆ. ಅವ್ವ ಉದ್ದನೆಯ ಮಣೆಯನ್ನು ತೊಳೆದು, ಅರಿಶಿನದ ನೀರು ಚಿಮುಕಿಸಿ, ಕುಡುಗೋಲು, ಮಚ್ಚು, ಚಾಕು, ನನ್ನ ಸ್ಕೂಟರಿನ ಕೀ, ನನ್ನ ಹೆಂಡತಿಯ ಲ್ಯಾಪ್‌ಟಾಪು, ಮಿಕ್ಸಿಯ ಜಾರು ಎಲ್ಲವನ್ನೂ ಒಂದರ ಪಕ್ಕ ಒಂದು ಇಡುತ್ತಾಳೆ. ತುದಿಯಲ್ಲಿ ಮಾತ್ರ ಒಂದು ವೀಳ್ಯದೆಲೆ, ಎಲೆಯ ತೊಟ್ಟಿನ ಹತ್ತಿರ ಒಂದು ಸೇವಂತಿಗೆ. ಎಲೆಯ ಮೇಲೆ ಏನೂ ಇರುವುದಿಲ್ಲ. ಅದು ಅಪ್ಪನ ಸೀಲಿನ ಜಾಗ.

ಅಪ್ಪ ನಮ್ಮ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದ. ಊರು ಅಂದರೆ ಈಗ ಹುಡುಕಿದರೂ ಸಿಗುವುದಿಲ್ಲ. ಅರೆಕೆರೆ ಒಂದು ಕಡೆಯಿಂದ, ಜೆ.ಪಿ. ನಗರದ ಹಂತಗಳು ಇನ್ನೊಂದು ಕಡೆಯಿಂದ ಬೆಳೆಯುತ್ತ ಬಂದು, ನಡುವೆ ಸಿಕ್ಕಿದ ನಮ್ಮ ಊರನ್ನು ಎರಡು ಕ್ರಾಸು ಮತ್ತು ಒಂದು ದೇವಸ್ಥಾನದಷ್ಟಕ್ಕೆ ಇಳಿಸಿದವು. ಹೊಲ ಸೈಟಾಯಿತು, ಕೊಟ್ಟಿಗೆ ಪಾರ್ಕಿಂಗ್ ಆಯಿತು, ಹಸು ಕಟ್ಟುತ್ತಿದ್ದವರು ಬಾಡಿಗೆಗೆ ಮನೆ ಕಟ್ಟಿಸಿದೆವು. ಹಾಲು ಹಾಕುವವರೇ ಇಲ್ಲದೆ ಸೊಸೈಟಿ ಮುಚ್ಚಿತು. ಮರದ ಹಿಡಿಯ ದುಂಡು ರಬ್ಬರ್ ಸೀಲು ಮಾತ್ರ ಅಪ್ಪನ ಹತ್ತಿರವೇ ಉಳಿಯಿತು. ಸೊಸೈಟಿ ಇದ್ದ ಕಾಲದಲ್ಲಿ ಆಯುಧಪೂಜೆಗೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತರುತ್ತಿದ್ದ, ಅವ್ವ ಒರೆಸಿ ಕುಂಕುಮ ಇಡುತ್ತಿದ್ದಳು. ಸೊಸೈಟಿ ಮುಚ್ಚಿದ ಮೇಲೂ, ಅಪ್ಪ ತೀರಿಕೊಂಡ ಮೇಲೂ ಅದು ಮಣೆ ಏರುವುದು ನಿಲ್ಲಲಿಲ್ಲ. ಹಳೆಯ ಹೆಂಚಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದಾಗ ಕಳೆದುಹೋಯಿತು. ಎತ್ತಿಟ್ಟವನು ನಾನೇ ಎಂದು ಅವ್ವ ಹೇಳುತ್ತಾಳೆ. ಅವಳೇ ಎತ್ತಿಟ್ಟಿದ್ದಳು ಎಂದು ನಾನು ಹೇಳುತ್ತೇನೆ. ಹೇಳುವಾಗ ನನ್ನ ಧ್ವನಿಯಲ್ಲಿರುವಷ್ಟು ಖಾತ್ರಿ ನನ್ನ ತಲೆಯೊಳಗೆ ಯಾವತ್ತೂ ಇಲ್ಲ.

ಹೋದ ದಸರಾ ರಜೆಯಲ್ಲಿ ಈ ಖಾಲಿ ಎಲೆ ನನ್ನ ಮಗಳ ಕಣ್ಣಿಗೆ ಬಿತ್ತು. ಅವಳು ನಾಲ್ಕನೇ ಕ್ಲಾಸು. ಅಜ್ಜಿಯ ಪಕ್ಕ ಸೋಫಾದ ಮೇಲೆ ಮಲಗಿಕೊಂಡು ಮೊಬೈಲಿನಲ್ಲಿ ಹಿಂದಿನ ವರ್ಷದ ಪೂಜೆಯ ಫೋಟೋ ನೋಡುತ್ತಿದ್ದವಳು ಚಿತ್ರ ದೊಡ್ಡದು ಮಾಡಿ ಕೇಳಿದಳು.

"ಅಜ್ಜಿ, ಈ ಎಲೆ ಮೇಲೆ ಏನೂ ಇಟ್ಟಿಲ್ವಲ್ಲ. ಮರ್ತೋಗಿದ್ರಾ?"

"ಮರ್ತಿಲ್ಲ ಕಣವ್ವ. ಅದು ನಿಮ್ ತಾತನ ಸೀಲ್ ಇಡೋ ಜಾಗ."

"ಸೀಲ್ ಎಲ್ಲಿ?"

"ನಿಮ್ಮಪ್ಪನ್ನ ಕೇಳು."

ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಅದೇ ಜಗಳ. ಮಗಳು ನನ್ನನ್ನು ಕೇಳಲೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅಜ್ಜಿಗೆ ಹೇಳಿದಳು: "ನಾನ್ ಮಾಡ್ಕೊಡ್ತೀನಿ. ಸ್ಕೂಲಲ್ಲಿ ಪೋಸ್ಟ್ ಆಫೀಸ್ ಪ್ರಾಜೆಕ್ಟಿಗೆ ಸೀಲ್ ಡ್ರಾ ಮಾಡಿದ್ವಿ. ಸೇಮ್ ನಿಜವಾದ್ ಥರಾನೇ ಬಂದಿತ್ತು. ಈ ಸಲ ಎಲೆ ಖಾಲಿ ಇರಲ್ಲ."

"ಮಾಡ್ಕೊಡು ಮಗಾ. ಸರಿಯಾಗಿದ್ರೆ ಇಡ್ತೀನಿ."

ಸರಿಯಾಗಿದ್ದರೆ. ಆ ಒಂದು ಮಾತು ನಮ್ಮ ರಜೆಯನ್ನು ಹಾಳು ಮಾಡಿತು. ಅವ್ವ ಸುಮ್ಮನೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದಳೋ ಏನೋ, ಮಗಳು ಅದನ್ನು ಪರೀಕ್ಷೆ ಎಂದು ತೆಗೆದುಕೊಂಡಳು. ನಾನೂ ತೆಗೆದುಕೊಂಡೆ.

ನನ್ನ ಮೊದಲ ಯೋಚನೆ ಸೋಮಾರಿತನದ್ದು. ಒಂದು ಸೀಲು ಮಾಡಿಸಿಬಿಟ್ಟರೆ ಮುಗಿಯಿತಲ್ಲ ಎಂದು ಜಯನಗರಕ್ಕೆ ಹೋದೆ. ಕಾಂಪ್ಲೆಕ್ಸಿನ ಹತ್ತಿರ ರಬ್ಬರ್ ಸ್ಟಾಂಪ್ ಮಾಡುವ ಸಣ್ಣ ಅಂಗಡಿಯಲ್ಲಿ ಒಬ್ಬ ಕಂಪ್ಯೂಟರಿನ ಮುಂದೆ ಕೂತಿದ್ದ, ಇನ್ನೊಬ್ಬ ಟೀ ಕುಡಿಯುತ್ತಿದ್ದ. ವಿಷಯ ಹೇಳಿದೆ.

"ಸೊಸೈಟಿ ಲೆಟರ್‌ಹೆಡ್ ತಂದಿದೀರಾ ಸಾರ್?" ಎಂದು ಕಂಪ್ಯೂಟರಿನವನು ಕೇಳಿದ.

"ಸೊಸೈಟಿನೇ ಇಲ್ಲ ಈಗ. ಮುಚ್ಚಿ ಕಾಲ ಆಯ್ತು."

"ಇಲ್ದಿರೋ ಸೊಸೈಟಿಗೆ ಸೀಲ್ ಯಾಕೆ ಸಾರ್?"

"ಪೂಜೆಗೆ."

ಅವನು ಟೀ ಕುಡಿಯುವವನ ಮುಖ ನೋಡಿದ. ಅವನು ಲೋಟ ಇಳಿಸಿ, "ಹೋದ್ ತಿಂಗ್ಳು ಒಬ್ರು ಬಂದು ಡಾಕ್ಟ್ರು ಸೀಲ್ ಕೇಳಿದ್ರು ಸಾರ್. ನಾಟಕಕ್ಕೆ ಅಂದ್ರು. ನಿಮ್ದು ವಾಸಿ, ದೇವ್ರ ಹೆಸ್ರಲ್ಲಿ ಕೇಳ್ತಿದೀರ" ಎಂದ.

ನನಗೆ ಸಿಟ್ಟು ಬಂತು. ಬರಬಾರದಿತ್ತು, ಅವರು ಹೇಳುವುದು ನ್ಯಾಯವೇ. ಇನ್ನೊಬ್ಬರ ಸೀಲನ್ನು ಬಾಯಿಮಾತಿಗೆ ಮಾಡಿಕೊಡುವ ಅಂಗಡಿ ಎಂಥದ್ದು. ಆದರೂ ಹೊರಟು ನಿಂತವನು ಇನ್ನೊಂದು ಸಲ ಪ್ರಯತ್ನಿಸಿದೆ. ಕಂಪ್ಯೂಟರಿನವನು ಸಮಾಧಾನವಾಗಿಯೇ ಕೇಳಿದ: "ಮಾಡೋದಾದ್ರೂ ಏನಂತ ಮಾಡ್ಲಿ ಸಾರ್? ಸುತ್ತ ಏನ್ ಬರ್ದಿತ್ತು, ಮಧ್ಯ ಏನಿತ್ತು, ಕರೆಕ್ಟಾಗಿ ಹೇಳಿ ನೋಡಣ."

"ಮಧ್ಯ ಹಸು" ಎಂದೆ. ಸುತ್ತ ಏನು ಎನ್ನುವಾಗ ತಡವರಿಸಿದೆ. ಊರಿನ ಹೆಸರು ಮೊದಲೋ, 'ಹಾಲು ಉತ್ಪಾದಕರ ಸಹಕಾರ ಸಂಘ' ಮೊದಲೋ? 'ನಿಯಮಿತ' ಅಂತ ಇತ್ತೋ ಇಲ್ಲವೋ? ಅಪ್ಪ ಅದನ್ನು ಒತ್ತುವುದನ್ನು ನಾನು ನೋಡಿದಷ್ಟು ಸಲ ಇನ್ನಾರೂ ನೋಡಿರಲಾರರು. ಸ್ಕೂಲು ಬಿಟ್ಟ ಮೇಲೆ ಸೊಸೈಟಿಯ ಬೆಂಚಿನ ಮೇಲೆ ಕೂತು ಕಾಯುವುದು ನನ್ನ ಸಂಜೆಯ ಕೆಲಸವಾಗಿತ್ತು. ಅಪ್ಪ ಸೀಲನ್ನು ಬಾಯಿಯ ಹತ್ತಿರ ತಂದು ಬಿಸಿಯುಸಿರು ಬಿಟ್ಟು, ಕಾಗದದ ಮೇಲಿಟ್ಟು, ಅಂಗೈಯಿಂದ ಒಂದು ಸಲ ಹಿಂದಕ್ಕೂ ಒಂದು ಸಲ ಮುಂದಕ್ಕೂ ಅದುಮುತ್ತಿದ್ದ. ಅದು ನನಗೆ ಈಗಲೂ ಕಾಣುತ್ತದೆ. ಅಕ್ಷರ ಮಾತ್ರ ಕಾಣುವುದಿಲ್ಲ.

ಬರಿಗೈಯಲ್ಲಿ ಮನೆಗೆ ಬಂದಾಗ ಊಟದ ಮೇಜಿನ ತುಂಬ ಮುಚ್ಚಳಗಳು. ಮಗಳು ಅಡುಗೆಮನೆಯ ಡಬ್ಬ, ಬಾಟಲಿ, ಜಾಡಿಗಳ ಮುಚ್ಚಳ ತೆಗೆದು ತಂದು ಅಜ್ಜಿಯ ಮುಂದೆ ಹರಡಿದ್ದಳು. ಸೀಲು ಯಾವುದರಷ್ಟಿತ್ತು ಎಂದು ಗುರುತಿಸುವ ಕೆಲಸ. ಅವ್ವ ಮೊದಲು "ನಿಪ್ಪಟ್ಟಿನಷ್ಟಿತ್ತು" ಎಂದಿದ್ದಳಂತೆ. ನಮ್ಮ ಮನೆಯಲ್ಲಿ ನಿಪ್ಪಟ್ಟು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆಗೆ ಬರುತ್ತದೆ. ಕೊನೆಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಎತ್ತಿ, ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ತೂಗಿ ನೋಡಿ, "ಇಷ್ಟು" ಎಂದಳು.

"ಇಷ್ಟು ದೊಡ್ಡದಿರ್ಲಿಲ್ಲ ಅವ್ವ" ಎಂದೆ.

"ನೀನು ಆಗ ಎಷ್ಟಿದ್ದೆ? ಚಿಕ್ಕೋರಿಗೆ ಎಲ್ಲಾ ದೊಡ್ಡದಾಗಿ ಕಾಣ್ಬೇಕು. ನಿಂಗೆ ಉಲ್ಟಾ."

ಮಗಳು ಮುಚ್ಚಳ ಕವುಚಿ ಪೆನ್ಸಿಲಿನಿಂದ ಸುತ್ತು ಬರೆದಳು. ಒಳಗಿನ ಸುತ್ತಿಗೆ ಕೆಮ್ಮಿನ ಔಷಧಿಯ ಮುಚ್ಚಳ. ಎರಡು ಸುತ್ತುಗಳ ನಡುವೆ ಅಕ್ಷರಗಳು ಬಾಗಿಕೊಂಡು ಹೋಗಬೇಕು. ಸ್ಕೂಲಿನ ಪೋಸ್ಟ್ ಆಫೀಸ್ ಸೀಲು ಇಂಗ್ಲಿಷಿನದು, ಅಕ್ಷರಗಳು ಸೈನಿಕರ ಹಾಗೆ ನಿಂತುಕೊಂಡಿದ್ದವು. ಕನ್ನಡದಲ್ಲಿ 'ಉತ್ಪಾದಕ'ದ ಒತ್ತು ಕೆಳಗಿಳಿದು ಒಳಗಿನ ಸುತ್ತಿಗೆ ಗುದ್ದಿತು. ಮೊದಲ ಕಾಗದದಲ್ಲಿ ಅಕ್ಷರಗಳು ಧಾರಾಳವಾಗಿ ಹೊರಟು, 'ಸಂಘ'ದ ಹೊತ್ತಿಗೆ ಜಾಗ ಮುಗಿದು, ಘ ಅನ್ನುವುದು ಶುರುವಿನ 'ಹಾಲು' ಪದದ ಬೆನ್ನಿಗೆ ಅಂಟಿತು. ಆಮೇಲೆ ಅವಳೇ ಉಪಾಯ ಕಂಡುಕೊಂಡಳು. ಮೊದಲು ತೆಳ್ಳಗೆ ಚುಕ್ಕಿ ಇಟ್ಟು ಒಂದೊಂದು ಅಕ್ಷರಕ್ಕೆ ಜಾಗ ಹಂಚಿ, ನಡುವಿನ ಅಕ್ಷರವನ್ನು ನೆತ್ತಿಗೆ ಬರೆದು, ಅಲ್ಲಿಂದ ಎರಡೂ ಕಡೆಗೆ ಇಳಿಯುವುದು. ಕಾಗದವನ್ನೇ ತಿರುಗಿಸುತ್ತ ಹೋದರೆ ಕೈ ಬಾಗಿಸಬೇಕಾಗಿಲ್ಲ. ನೇರಳೆ ಸ್ಕೆಚ್ ಪೆನ್ನಿನಲ್ಲಿ ತಿದ್ದಿದಳು. ಚೆನ್ನಾಗಿಯೇ ಬಂತು. ಆದರೆ ಅವಳು ದೂರ ಹಿಡಿದು ನೋಡಿ ಮುಖ ಗಂಟು ಹಾಕಿದಳು.

"ಅಪ್ಪ, ಇದು ಸ್ಟಿಕ್ಕರ್ ಥರ ಇದೆ. ಸೀಲ್ ಥರ ಇಲ್ಲ."

ನಿಜವಾದ ಸೀಲು ಹೇಗಿರುತ್ತದೆ ಎಂದು ತೋರಿಸಲು ನಾನು ಬೀರುವಿನಿಂದ ನನ್ನ ಎಂ.ಎ. ಅಂಕಪಟ್ಟಿ ತೆಗೆದೆ. ಇತಿಹಾಸ ಓದಿದವನು ನಾನು. ಆಧಾರವಿಲ್ಲದೆ ಯಾವ ಮಾತನ್ನೂ ಒಪ್ಪಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು, ಆಮೇಲೆ ಯಾವ ಕೆಲಸದಲ್ಲೂ ನೆಟ್ಟಗೆ ನಿಲ್ಲದೆ, ಈಗ ಪಠ್ಯಪುಸ್ತಕಗಳ ತಪ್ಪು ತಿದ್ದುವವನು. ಅಂಕಪಟ್ಟಿಯನ್ನು ಮಗಳು ಬೆಳಕಿಗೆ ಹಿಡಿದಳು. ಸೀಲು ಒಂದು ಕಡೆ ಗಾಢವಾಗಿ ಬಿದ್ದು, ಅಂಚು ಎರಡೆರಡಾಗಿ ಕಾಣುತ್ತಿತ್ತು. ಇನ್ನೊಂದು ಕಡೆ ಬಿದ್ದೇ ಇರಲಿಲ್ಲ. ನಾನು ಪಾಸಾಗಿದ್ದೇನೆಂದು ಸಾರಿ ಹೇಳಬೇಕಾದ ಸೀಲು ಅರ್ಧ ಮಾತಿಗೇ ಬಾಯಿ ಮುಚ್ಚಿಕೊಂಡಿತ್ತು. ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ನೀಟಾಗಿ ಬಿದ್ರೆ ಅದು ಸೀಲ್ ಅಲ್ಲ" ಎಂದು ಮಗಳು ತೀರ್ಮಾನಿಸಿದಳು. ಒದ್ದೆ ಹತ್ತಿಯಿಂದ ಒಂದು ಪಕ್ಕವನ್ನು ಮೆಲ್ಲಗೆ ಒತ್ತಿ ಮಸುಕು ಮಾಡಿದಳು. ಇನ್ನೊಂದು ಪಕ್ಕದಲ್ಲಿ ಅಕ್ಷರಗಳ ಮೇಲೆ ಮತ್ತೆ ಬರೆದು ದಪ್ಪ ಮಾಡಿದಳು. ಹೊರಸುತ್ತಿನ ಅಂಚಿಗೆ ಕೂದಲೆಳೆಯಷ್ಟು ಆಚೆ ಇನ್ನೊಂದು ಗೆರೆ. ಈ ಸಲ ಕಾಗದ ಮೇಜಿನ ಮೇಲೆ ಇದ್ದಾಗ ನನ್ನ ಹೆಂಡತಿ ಅದರ ಪಕ್ಕ ಕಾಫಿ ಇಡಲು ಬಂದವಳು ತಡೆದು, "ಯಾವುದಿದು, ನೋಟೀಸಾ?" ಎಂದಳು. ಮಗಳ ಮುಖ ಅರಳಿತು.

ಅಲ್ಲಿಗೆ ಮುಗಿಯಬೇಕಿತ್ತು. ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಚಿತ್ರವನ್ನು ನೋಡುವ ಹಾಗೆ ನೋಡಿದಳು.

"ಚೆನ್ನಾಗೈತೆ. ಆದ್ರೆ ಮುಕ್ಕು ಎಲ್ಲಿ?"

ಹೌದು, ಸೀಲಿನ ಅಂಚು ಒಂದು ಕಡೆ ಮುಕ್ಕಾಗಿತ್ತು. ರಬ್ಬರು ಕಿತ್ತುಹೋಗಿ ಅಷ್ಟು ಭಾಗ ಕಾಗದದ ಮೇಲೆ ಬೀಳುತ್ತಿರಲಿಲ್ಲ. ಅವ್ವ ಹೇಳುವವರೆಗೆ ನಾನು ಅದನ್ನು ಪೂರ್ತಿ ಮರೆತಿದ್ದೆ, ಹೇಳಿದ ಕೂಡಲೇ ಕಣ್ಣಿಗೆ ಕಟ್ಟಿತು. ಬಲಗಡೆ, ಸ್ವಲ್ಪ ಕೆಳಗೆ. ಹಾಗೆಂದು ಮಗಳಿಗೆ ತೋರಿಸಿದೆ.

"ಎಡಗಡೆ" ಎಂದಳು ಅವ್ವ.

"ಬಲಗಡೆ ಅವ್ವ. ನಂಗೆ ಚೆನ್ನಾಗಿ ಜ್ಞಾಪಕ ಇದೆ."

"ಈಗ ಹೇಳಿದ್ ಮೇಲೆ ಜ್ಞಾಪಕ ಬಂದೋನು ನೀನು. ನನ್ ಬೆರಳಿಗೇ ಸಿಗ್ತಿತ್ತು ಕಣಪ್ಪ. ಎಡಗಡೆ."

"ಮಧ್ಯ ಹಸು ಇತ್ತಲ್ಲ, ಅದಾದ್ರೂ ಒಪ್ತೀಯ?"

"ಹಸು ಗಿಸು ಏನೂ ಇರ್ಲಿಲ್ಲ. ಕರಿ ಕಟ್ಕೊಂಡಿತ್ತು ಅಷ್ಟೇ."

ಇಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಹಸುವನ್ನು ನಾನು ನಿಜವಾಗಿ ಸೀಲಿನಲ್ಲಿ ನೋಡಿದ್ದೆನೋ ಅಥವಾ ಸೊಸೈಟಿಯ ಗೋಡೆಯ ಮೇಲೆ ಬರೆಸಿದ್ದ ಹಸು ನನ್ನ ತಲೆಯಲ್ಲಿ ಸೀಲಿನೊಳಕ್ಕೆ ನಡೆದು ಬಂದಿತ್ತೋ? ಹಾಲಿನ ಪಾಕೆಟಿನ ಹಸುವೂ ಇರಬಹುದು. ಮುಕ್ಕಿನ ವಿಷಯದಲ್ಲಿ ಅವ್ವ ಹೇಳಿದ್ದು ಸರಿಯೇ. ಅವಳ ಮಾತಿನ ನಂತರ ಹುಟ್ಟಿದ ನೆನಪಿಗೆ ಎಷ್ಟು ಬೆಲೆ? ಬೇರೆಯವರ ಬರವಣಿಗೆಯಲ್ಲಿ ಇಂಥದ್ದು ಕಂಡರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸು ಕಳಿಸುವವನು ನಾನು. ಆದರೂ ಬಲಗಡೆ ಎನ್ನುವುದನ್ನು ಬಿಡಲಾಗಲಿಲ್ಲ. ಟೆರೇಸಿನ ಮೇಲೆ ಓಡಾಡುತ್ತ, ಅಪ್ಪನ ಮೇಜು, ಅವನ ಅಂಗೈ, ಕಾಗದ ಎಂದು ಒಂದೊಂದೇ ನೆನಪು ಮಾಡಿಕೊಂಡೆ. ಪ್ರತಿ ಸಲವೂ ಮುಕ್ಕು ಬಲಕ್ಕೇ ಬಂತು.

ಮಗಳು ದಿನವೂ ಹೊಸ ಕಾಗದ ತೆಗೆದುಕೊಂಡಳು. ಬಲಗಡೆ ಮುಕ್ಕು ಬಿಟ್ಟು ಬರೆದದ್ದನ್ನು ಅವ್ವ ಒಪ್ಪಲಿಲ್ಲ. ಎಡಗಡೆ ಬಿಟ್ಟು ಬರೆದದ್ದನ್ನು ನಾನು ಒಪ್ಪಲಿಲ್ಲ. ಒಂದು ಸಂಜೆ ಅವ್ವ ಬಣ್ಣವೇ ನೇರಳೆಯಲ್ಲ, ನೀಲಿ ಎಂದಳು. ಮರುದಿನ ನೀಲಿಯಲ್ಲಿ ಬರೆದು ತಂದರೆ, "ಇದ್ಯಾಕೆ ಇಸ್ಕೂಲ್ ಇಂಕ್ ಥರ ಐತೆ?" ಎಂದಳು. ಇನ್ನೊಂದಕ್ಕೆ, "ಎಲ್ಲಾ ಸರಿ, ಇನ್ನೊಂಚೂರು ಹಳೇದಾಗ್ಬೇಕು." ಮಗಳು ಅದನ್ನು ಕಿಟಕಿಯ ಬಿಸಿಲಿನಲ್ಲಿ ಒಣಗಿಸಲು ಇಟ್ಟಳು.

ನನ್ನ ಹೆಂಡತಿಗೆ ಬೇರೆಯೇ ಚಿಂತೆ. "ಉಪ್ಪಿನಕಾಯಿಗೆ ಗಾಳಿ ಆಡ್ತಿದೆ. ಆ ಮುಚ್ಚಳ ಯಾವಾಗ ವಾಪಸ್ ಕೊಡ್ತೀರಾ?"

"ಅವ್ವ ಒಪ್ಪಿದ್ ಮೇಲೆ."

"ಹಾಗಾದ್ರೆ ಹೊಸ ಉಪ್ಪಿನಕಾಯೇ ಹಾಕ್ಬೇಕು."

ಆಯುಧಪೂಜೆ ಹತ್ತಿರ ಬಂತು. ಒಂದು ಸಂಜೆ ನಾನೂ ಅವ್ವನೂ ಮತ್ತೆ ಎಡ-ಬಲಕ್ಕೆ ಬಿದ್ದಿದ್ದಾಗ ಮಗಳು ಪೆನ್ನು ಕೆಳಗಿಟ್ಟಳು. "ನೀವಿಬ್ರೂ ಮೊದ್ಲು ಮಾತಾಡ್ಕೊಳಿ. ನಾಡಿದ್ದು ಪೂಜೆ. ಎಲೆ ಖಾಲಿ ಇದ್ರೆ ನನ್ನನ್ ಕೇಳ್ಬೇಡಿ" ಎಂದು ರೂಮಿಗೆ ಹೋದಳು. ನಾವಿಬ್ಬರೂ ಟಿ.ವಿ. ಕಡೆ ನೋಡಿದೆವು.

ಮಾರನೆಯ ದಿನ ಅವಳು ತಂದ ಕಾಗದ ಕೊನೆಯದು. ಅಕ್ಷರ, ಮಸುಕು, ಜೋಡಿ ಗೆರೆ ಎಲ್ಲವೂ ಇತ್ತು. ಸುತ್ತಿನ ಎಡಗಡೆಯೂ ಮುಕ್ಕು, ಬಲಗಡೆಯೂ ಮುಕ್ಕು. ನಡುವೆ ಏನೋ ಕಪ್ಪಾಗಿ ಕಲಸಿತ್ತು. ಒಂದು ಕಡೆಯಿಂದ ನೋಡಿದರೆ ಕೊಂಬು ಇರುವ ಹಾಗಿತ್ತು.

"ಏನಿದು?" ಎಂದೆ.

"ನಿಂಗೆ ಹಸು. ಅಜ್ಜಿಗೆ ಕರಿ."

"ಹಾಗೆ ಮಾಡಕ್ಕಾಗಲ್ಲ ಪುಟ್ಟ. ಇದ್ದಿದ್ದು ಒಂದೇ ಥರ. ಎರಡೂ ಕಡೆ ಮುಕ್ಕಿರೋ ಸೀಲ್ ಯಾವತ್ತೂ ಇರ್ಲಿಲ್ಲ."

"ಹಂಗಾದ್ರೆ ಯಾವ್ ಕಡೆ ಇತ್ತು? ಪ್ರಾಮಿಸ್ ಮಾಡಿ ಹೇಳು."

ಬಲಗಡೆ ಎಂದು ಬಾಯಿಗೆ ಬಂತು. ಪ್ರಾಮಿಸ್ ಮಾಡಲು ಕೈ ಬರಲಿಲ್ಲ.

ಪೂಜೆಯ ಬೆಳಿಗ್ಗೆ ಅವ್ವ ಮಣೆ ತೊಳೆದು ಎಲ್ಲವನ್ನೂ ಜೋಡಿಸಿದಳು. ಮಗಳ ರೂಮಿನಲ್ಲೇ ಉಳಿದ ನೇರಳೆ ಸ್ಕೆಚ್ ಪೆನ್ನೊಂದು ಬಿಟ್ಟು ಮನೆಯಲ್ಲಿದ್ದ ಪೆನ್ನು ಪೆನ್ಸಿಲುಗಳನ್ನೆಲ್ಲ, ನಾನು ತಪ್ಪು ತಿದ್ದುವ ಕೆಂಪು ಪೆನ್ನನ್ನೂ ಸೇರಿಸಿ, ಒಂದು ಲೋಟದಲ್ಲಿ ನಿಲ್ಲಿಸಿ ಮಣೆಗೆ ಏರಿಸಿದಳು. ತುದಿಯಲ್ಲಿ ಎಲೆ ಇಟ್ಟಳು, ಸೇವಂತಿಗೆ ಇಟ್ಟಳು. ಮಗಳು ಸ್ನಾನ ಮಾಡಿ, ಲಂಗ ಉಟ್ಟು, ಕಾಗದವನ್ನು ದುಂಡಗೆ ಕತ್ತರಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಬಂದಳು.

ಅವ್ವ ನೋಡಿದಳು. ಎಡಗಡೆಯ ಮುಕ್ಕಿನ ಮೇಲೆ ಬೆರಳಾಡಿಸಿದಳು. "ಎಷ್ಟ್ ಚೆನ್ನಾಗ್ ಬರ್ದಿದೀಯ ಮಗಾ" ಎಂದಳು. ಆಮೇಲೆ ಕಾಗದವನ್ನು ತಿರುಗಿಸಿ ಹಿಂದೆ ನೋಡಿ, "ಒತ್ತೋದು ಎಲ್ಲಿ?" ಎಂದು ಕೇಳಿದಳು.

"ಏನು ಅಜ್ಜಿ?"

"ಇದು ಒತ್ತಿದ್ದಲ್ವಾ? ನಿಮ್ ತಾತ ತರ್ತಿದ್ದಿದ್ದು ಒತ್ತೋದು. ಹಿಡಿ ಇರೋದು. ಇವತ್ತು ಕೆಲಸ ಮಾಡೋ ಸಾಮಾನಿಗೆ ಪೂಜೆ ಕಣವ್ವ. ನೇಗ್ಲು ತಂದಿಡ್ತಾರೆ, ಉತ್ತಿದ್ ಸಾಲು ಹೊತ್ಕೊಂಡ್ ಬರ್ತಾರಾ?"

ಮಗಳು ಕಾಗದ ಹಿಡಿದುಕೊಂಡೇ ನಿಂತಳು. ನನಗೆ ತಡೆಯಲಾಗಲಿಲ್ಲ.

"ಅವ್ವ, ದಿನಾ ಸಂಜೆ ನೋಡ್ತಾ ಕೂತಿದ್ಯಲ್ಲ. ಎಡಗಡೆ, ನೀಲಿ, ಹಳೇದು ಅಂತ ಒಂದೊಂದಕ್ಕೂ ಹೆಸ್ರಿಟ್ಟೆ. ಇದನ್ನ ಮೊದ್ಲೇ ಹೇಳಬಾರ್ದಾಗಿತ್ತಾ?"

"ನೀವು ಕೇಳಿದ್ದು ಹೆಂಗಿತ್ತು ಅಂತ. ಹೇಳ್ದೆ. ಏನಿಡ್ಬೇಕು ಅಂತ ಯಾರ್ ಕೇಳಿದ್ರಿ?"

"ಮಗು ಎಷ್ಟು ಕಷ್ಟಪಟ್ಟಿದೆ ಗೊತ್ತಾ? ನೀನೇ ಸರಿಯಾಗಿದ್ರೆ ಇಡ್ತೀನಿ ಅಂದಿದ್ದೆ."

"ಕಿರುಚ್ಬೇಡ, ದೀಪ ಹಚ್ಚೈತೆ" ಎಂದಳು ಅವ್ವ. ತಪ್ಪು ನಮ್ಮದೇ. ಅಪ್ಪನ ಸೀಲು ಎಂದರೆ ನನಗೆ ಕಾಗದದ ಮೇಲಿನ ನೇರಳೆ ಸುತ್ತು. ಸ್ಕೂಲಿನ ಪ್ರಾಜೆಕ್ಟು ಕಲಿತವಳಿಗೂ ಅದೇ. ಅವ್ವನಿಗೆ ಸೀಲು ಎಂದರೆ ಮರದ ಹಿಡಿಯ ಒಂದು ಸಾಮಾನು. ಒಂದೇ ಮೇಜಿನ ಸುತ್ತ ಕೂತು ಬೇರೆ ಬೇರೆ ವಸ್ತುಗಳ ವಿಷಯ ಜಗಳವಾಡಿದ್ದೆವು.

ಅವ್ವ ಮಗಳ ಗಲ್ಲ ಹಿಡಿದು ಕೇಳಿದಳು: "ಇದನ್ನ ಯಾತರಲ್ಲಿ ಮಾಡ್ದೆ?"

"ಸ್ಕೆಚ್ ಪೆನ್ನಲ್ಲಿ. ಆಮೇಲೆ ಆ ಮುಚ್ಚಳ."

"ಅವನ್ನ ತಗಂಬಾ ಮತ್ತೆ. ಅವೇ ನಿನ್ ಆಯುಧ."

ಮಗಳು ಒಳಗೆ ಹೋಗಿ ತಂದಳು. ಉಪ್ಪಿನಕಾಯಿಯ ವಾಸನೆ ಇನ್ನೂ ಪೂರ್ತಿ ಹೋಗಿರದ ಮುಚ್ಚಳವನ್ನು ಅವ್ವ ಸೆರಗಿನಿಂದ ಒರೆಸಿ, ಎಲೆಯ ಮೇಲಿಟ್ಟು, ಪಕ್ಕದಲ್ಲಿ ನೇರಳೆ ಪೆನ್ನನ್ನು ಮಲಗಿಸಿ, ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿದಳು.

"ಇದು ತಾತಂದು ಅಲ್ವಲ್ಲ ಅಜ್ಜಿ" ಎಂದಳು ಮಗಳು.

"ನಿಂದು. ತಾತನ್ ಜಾಗದಲ್ಲಿ ಐತೆ ಅಷ್ಟೇ."

ಅವಳಿಗೆ ಸಮಾಧಾನವಾಯಿತೋ ಇಲ್ಲವೋ ಹೇಳಲಾರೆ. ಕಾಗದವನ್ನು ಮಡಚದೆ ಹಿಡಿದುಕೊಂಡಿದ್ದಳು, ಕಣ್ಣು ಮಾತ್ರ ಎಲೆಯ ಮೇಲಿತ್ತು. ಎಲೆ ಖಾಲಿ ಇರಲಿಲ್ಲ.

ಅವ್ವ ಕರ್ಪೂರ ಹಚ್ಚುವಾಗ ನನಗೆ ಹೊಳೆಯಿತು. ರಬ್ಬರಿನ ಮೇಲೆ ಎಲ್ಲವೂ ಕನ್ನಡಿಯಲ್ಲಿ ಇದ್ದಂತೆ ತಿರುಗಿ ಇರುತ್ತದೆ. ರಬ್ಬರಿನ ಎಡಗಡೆಯ ಮುಕ್ಕು ಕಾಗದದ ಮೇಲೆ ಬಲಕ್ಕೇ ಬೀಳಬೇಕು. ಅವ್ವ ವರ್ಷವರ್ಷ ಒರೆಸಿದ್ದು ಸೀಲನ್ನು, ನಾನು ಸಂಜೆಗಳೆಲ್ಲ ನೋಡಿದ್ದು ಕಾಗದವನ್ನು. ಅವಳ ಎಡವೂ ಸರಿ, ನನ್ನ ಬಲವೂ ಸರಿ. ಮಸಿ ಮೆತ್ತಿದ ರಬ್ಬರಿನಲ್ಲಿ ಅವಳಿಗೆ ಹಸು ಕಾಣದಿದ್ದದ್ದೂ ಸಹಜ. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ನೆನಪಿಗೆ ಒಂದು ಆಧಾರ ಸಿಕ್ಕಿತ್ತು.

"ಅವ್ವ, ಗೊತ್ತಾಯ್ತು. ನೀನು ನೋಡಿದ್ದು ಸೀಲು, ನಾನು ನೋಡಿದ್ದು ಅದು ಬಿದ್ದಿದ್ದು. ಅಲ್ಲಿ ಎಡಗಡೆ ಇದ್ರೆ ಇಲ್ಲಿ ಬಲಗಡೆ."

"ಮೊದ್ಲು ಮಂಗಳಾರತಿ ತಗೋ" ಎಂದಳು ಅವ್ವ.

ಮಂಗಳಾರತಿ ತೆಗೆದುಕೊಂಡೆ. ಮಗಳಿಗೆ ಅಂಗೈ ತೋರಿಸಿ, ಗೋಡೆಗೆ ಒತ್ತಿ, ಎಡ ಬಲವಾಗುವುದನ್ನು ವಿವರಿಸಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ಕಾಗದದ ಮೇಲೆ ಬಲಗಡೆಯ ಮುಕ್ಕು ಮಾತ್ರ ಇರಬೇಕು, ಎಡಗಡೆಯದನ್ನು ಒಂದು ಗೆರೆಯಿಂದ ಮುಚ್ಚಿದರೆ ಸೀಲು ಸರಿಯಾಗುತ್ತದೆ. ಒಂದೇ ಗೆರೆ. ಆದರೆ ನೇರಳೆ ಪೆನ್ನು ಮಣೆಯ ಮೇಲಿತ್ತು. ಪೂಜೆಗೆ ಇಟ್ಟದ್ದನ್ನು ಅವತ್ತು ಮುಟ್ಟುವ ಹಾಗಿಲ್ಲ. ಬೇರೆ ಪೆನ್ನುಗಳೂ, ನನ್ನ ಕೆಂಪು ಪೆನ್ನೂ ಅಲ್ಲೇ. ಒಂದು ತಪ್ಪನ್ನು ಹೇಗೆ ತಿದ್ದಬೇಕೆಂದು ಖಚಿತವಾಗಿ ಗೊತ್ತಿದ್ದ ಒಂದೇ ದಿನ, ಮನೆಯಲ್ಲಿ ಬರೆಯುವ ಒಂದು ಕಡ್ಡಿಯೂ ನನ್ನ ಕೈಗೆ ಸಿಗಲಿಲ್ಲ. ಒಂದು ಸಲ ಮಣೆಯ ಹತ್ತಿರ ಸುಳಿ‌ದೆ. ಅವ್ವ ಕಡಲೆಪುರಿ ತಿನ್ನುತ್ತ, "ಕೈ ಮುಂದೆ ಹೋಯ್ತೋ ನೋಡು" ಎಂದಳು.

ಮಾರನೆಯ ದಿನ ಅವ್ವ ಮಣೆಯನ್ನು ಸ್ವಲ್ಪ ಅಲುಗಾಡಿಸಿ ಪೂಜೆ ಇಳಿಸಿದಳು. ನಾನು ಕುಂಕುಮ ಮೆತ್ತಿದ ಪೆನ್ನನ್ನು ಒರೆಸಿ ಮಗಳ ಕೈಗೆ ಕೊಟ್ಟು, ನನ್ನ ವಾದವನ್ನು ಮತ್ತೆ ಮೊದಲಿಂದ ಹೇಳುತ್ತಿದ್ದೆ. ಅಜ್ಜಿ ಸೀಲು ಮಾತ್ರ ನೋಡಿದ್ದರು, ಕಾಗದ ನೋಡಿರಲಿಲ್ಲ, ಅದಕ್ಕೇ...

"ಕಾಗದ ನೋಡಿಲ್ಲ ಅಂತ ಯಾರ್ ಹೇಳಿದ್ರು?" ಎಂದಳು ಅವ್ವ, ಒಣಗಿದ ಹೂ ಆರಿಸುತ್ತ. "ನಾನೂ ಹಾಲಾಕ್ತಿದ್ನಲ್ಲಪ್ಪ ಸೊಸೈಟಿಗೆ. ಹೆಬ್ಬೆಟ್ಟು ಒತ್ತಿಸ್ಕೊಂಡು, ಅದರ ಪಕ್ಕದಲ್ಲೇ ಸೀಲ್ ಹಾಕೋರು ನಿಮ್ಮಪ್ಪ."

"ಹಾಗಾದ್ರೆ ನೀನು ಎಡಗಡೆ ಅಂದಿದ್ದು ಸೀಲ್ ನೋಡಿನೋ, ಕಾಗದ ನೋಡಿನೋ?"

ಅವ್ವ ಹೂ ಹಿಡಿದುಕೊಂಡೇ ಯೋಚಿಸಿದಳು. "ಅದೆಂಗಪ್ಪ ಜ್ಞಾಪಕ ಇರ್ತೈತೆ" ಎಂದಳು.

ನನ್ನ ವಾದ ಅಲ್ಲೇ ಕುಸಿಯಿತು. ಅವಳು ಹೇಳಿದ್ದು ಕಾಗದದ ಎಡವಾಗಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ತಪ್ಪು, ಯಾರೆಂದು ತಿಳಿಯುವ ದಾರಿ ಇಲ್ಲ. ರಾತ್ರಿಯೆಲ್ಲ ಇದ್ದ ನೆಮ್ಮದಿ ಹೋಯಿತು. ಆದರೂ ಹಟ ಬಿಡದೆ ಮಗಳಿಗೆ, "ಇರಲಿ, ಎಡಗಡೆದು ಮುಚ್ಚಿಬಿಡು" ಎಂದೆ.

ಅವಳು ಪೆನ್ನಿನ ಕ್ಯಾಪು ಹಾಕಿದಳು. "ಅಜ್ಜಿದು ಯಾಕ್ ಮುಚ್ಲಿ? ನಿಂದು ಮುಚ್ಲಾ?"

ಕಾಗದ ಈಗ ಫ್ರಿಜ್ಜಿನ ಬಾಗಿಲ ಮೇಲೆ ಮ್ಯಾಗ್ನೆಟ್ಟಿನ ಕೆಳಗಿದೆ, ಎರಡೂ ಕಡೆ ಮುಕ್ಕಾಗಿಯೇ. ನೀರು ತೆಗೆದುಕೊಳ್ಳಲು ಹೋದಾಗಲೆಲ್ಲ ನೋಡುತ್ತೇನೆ. ಹಸುವಿನ ಕೊಂಬು ಕೆಲವು ದಿನ ಕಾಣುತ್ತದೆ, ಕೆಲವು ದಿನ ಬರೀ ಮಸಿ.

ಮುಚ್ಚಳವನ್ನು ವಾಪಸು ಕೇಳಲು ಹೋದ ನನ್ನ ಹೆಂಡತಿ ಬರಿಗೈಯಲ್ಲಿ ಬಂದಳು. ಅವ್ವ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಕುಡುಗೋಲಿನ ಜೊತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. "ಮುಂದಿನ್ ವರ್ಷಕ್ಕೆ ಬೇಕು. ಇದನ್ನೂ ಕಳೀಬ್ಯಾಡಿ" ಎಂದಳಂತೆ. ಅಂಗಡಿಯಲ್ಲಿ ಬರೀ ಮುಚ್ಚಳ ಕೊಡುವುದಿಲ್ಲ. ಉಪ್ಪಿನಕಾಯಿ ಬಾಟಲಿಯ ಮೇಲೆ ಅವತ್ತಿನಿಂದ ಒಂದು ಸಾಸರು ಕವುಚಿಕೊಂಡು ಕೂತಿದೆ, ಊಟಕ್ಕೆ ಬಡಿಸುವಾಗಲೆಲ್ಲ ಜಾರುತ್ತದೆ.